ಗೋದಾವರಿ ಸೀಮೆಯ ಎರಡು ಕುರ್ಚಿಗಳು

2020ರ ಜನವರಿ 4. ಇಂದು ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿರುವ ಊರು ಆಗಿನ್ನೂ ಔರಂಗಾಬಾದ್. ಅಲ್ಲಿನ ಜಿಲ್ಲಾ ಪರಿಷತ್ತಿನ ಸದಸ್ಯರು ತಮ್ಮ ಅಧ್ಯಕ್ಷೆಯನ್ನು ಆರಿಸಲು ಕೈ ಎತ್ತಿದರು. ಎಣಿಕೆ ಮುಗಿದಾಗ ಒಂದು ಕಡೆ 30, ಇನ್ನೊಂದು ಕಡೆಯೂ 30. ಆಯ್ಕೆ ಹಿಂದಿನ ದಿನವೇ ಮುಗಿಯಬೇಕಿತ್ತು; ಮತದ ಎಣಿಕೆಯ ಮೇಲೆ ತಕರಾರು ಎದ್ದು, ಗದ್ದಲವಾಗಿ, ಸಭೆ ಒಂದು ದಿನ ಮುಂದಕ್ಕೆ ಹೋಗಿತ್ತು. ಈಗ ಕಾಯ್ದೆ ಉಳಿಸಿದ್ದ ದಾರಿ ಒಂದೇ, ಚೀಟಿ ಎತ್ತುವುದು. ಮರಾಠಿ ಪತ್ರಿಕೆಗಳು ಇದನ್ನು ‘ಈಶ್ವರ ಚಿಠ್ಠಿ’ ಎನ್ನುತ್ತವೆ. ಚೀಟಿಯಲ್ಲಿ ಬಂದ ಹೆಸರು ಕಾಂಗ್ರೆಸ್ಸಿನ ಮೀನಾ ಶೆಳಕೆ ಅವರದು. ಸೋತವರು ಅದೇ ಕುರ್ಚಿಯಲ್ಲಿ ಅದುವರೆಗೆ ಕೂತಿದ್ದ ಶಿವಸೇನೆಯ ದೇವಯಾನಿ ಡೋಣಗಾಂವಕರ್.

ಅದಕ್ಕೆ ಎರಡು ದಿನ ಮೊದಲು, ಜನವರಿ 2ರಂದು, ಪಕ್ಕದ ನಾಸಿಕ್ ಜಿಲ್ಲೆಯಲ್ಲಿ ಇದೇ ಹುದ್ದೆಗೆ ನಡೆದ ಆಯ್ಕೆಯಲ್ಲಿ ಯಾರೂ ಕೈ ಎತ್ತುವ ಪ್ರಸಂಗವೇ ಬರಲಿಲ್ಲ. ಶಿವಸೇನೆಯ ಬಾಳಾಸಾಹೇಬ್ ಕ್ಷೀರಸಾಗರ್ ಅವಿರೋಧವಾಗಿ ಅಧ್ಯಕ್ಷರಾದರು. ರಾಷ್ಟ್ರವಾದಿ ಕಾಂಗ್ರೆಸ್ಸಿನ ಸಯಾಜಿ ಗಾಯಕವಾಡ ಉಪಾಧ್ಯಕ್ಷರಾದರು.

ಒಂದೇ ರಾಜ್ಯ, ಒಂದೇ ಕಾಯ್ದೆ, ಒಂದೇ ವಾರ. ಒಂದು ಜಿಲ್ಲೆಯಲ್ಲಿ ಸ್ಪರ್ಧೆಯೇ ಇಲ್ಲ, ಇನ್ನೊಂದರಲ್ಲಿ ಸ್ಪರ್ಧೆ ಬಗೆಹರಿಯದೆ ಅದೃಷ್ಟದ ಕೈಗೆ ಹೋಯಿತು. ಎರಡಕ್ಕೂ ಕಾರಣ ಆ ಜಿಲ್ಲೆಗಳ ಹಳ್ಳಿಗಳಿಂದ ಬಹುದೂರ, ಮುಂಬೈಯಲ್ಲಿತ್ತು. ಹೀಗೇಕಾಯಿತು ಎಂದು ತಿಳಿಯಲು ಆ ಕುರ್ಚಿ ಹುಟ್ಟಿದ ಕಾಲಕ್ಕೆ ಹೋಗಬೇಕು. ಈ ಕಥೆ ಕನ್ನಡಿಗರಿಗೆ ಪರಕೀಯವೂ ಅಲ್ಲ. ತ್ರ್ಯಂಬಕೇಶ್ವರದಲ್ಲಿ ಹುಟ್ಟಿ ನಾಸಿಕ್ ದಾಟಿ ಪೈಠಣದ ಕಡೆ ಹರಿಯುವ ಗೋದಾವರಿ, ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಗುರುತಿಸಿದ ನದಿ. ಎಲ್ಲೋರದ ಕೈಲಾಸ ದೇಗುಲವನ್ನು ಕಡೆಸಿದವನು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ಸಂಭಾಜಿನಗರ ಜಿಲ್ಲೆಯ ಒಂದು ತಾಲೂಕಿಗೆ ಇಂದಿಗೂ ಕನ್ನಡ್ ಎಂದೇ ಹೆಸರು. ಇನ್ನೂ ಹತ್ತಿರದ ನಂಟು ಆಡಳಿತದ್ದು.

ಒಂದೇ ನೊಗದ ಜಿಲ್ಲೆಗಳು

1956ರ ನವೆಂಬರ್ 1ರವರೆಗೆ ನಾಸಿಕ್ ಮತ್ತು ಧಾರವಾಡ ಒಂದೇ ಮುಂಬೈ ಪ್ರಾಂತದಲ್ಲಿದ್ದವು. ಔರಂಗಾಬಾದ್ ಮತ್ತು ಕಲಬುರಗಿ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮನ ಕಾಲದಲ್ಲಿ ಎರಡೂ ಸುಬಾಗಳ ಕೇಂದ್ರಗಳು.

1882ರ ಮೇ 18ರಂದು ವೈಸರಾಯ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ಗೊತ್ತುವಳಿ ಹೊರಡಿಸಿದ. ಅದರ ಫಲವಾಗಿ 1884ರಲ್ಲಿ ಮುಂಬೈ ಪ್ರಾಂತದಲ್ಲಿ ಲೋಕಲ್ ಬೋರ್ಡ್ ಕಾಯ್ದೆ ಬಂತು. ಶಾಲೆ, ರಸ್ತೆ, ಬಾವಿ, ಧರ್ಮಶಾಲೆ ಇವು ಬೋರ್ಡಿನ ಕೆಲಸಗಳು. ಆದರೆ ಜಿಲ್ಲಾ ಬೋರ್ಡಿನ ಅಧ್ಯಕ್ಷನಾಗಿ ಕೂತವನು ಕಲೆಕ್ಟರ್. ಕಂದಾಯ ವಸೂಲಿ ಮಾಡುವ ಕೈಗೇ ಬಾವಿ ತೋಡಿಸುವ ಅಧಿಕಾರವೂ ಇತ್ತು. ರೈತ ಅರ್ಜಿ ಹಿಡಿದು ಹೋಗಬೇಕಾದದ್ದು ಎರಡಕ್ಕೂ ಒಂದೇ ಬಾಗಿಲಿಗೆ. ಕಾಲಕ್ರಮದಲ್ಲಿ, ಅದರಲ್ಲೂ 1923ರ ಹೊಸ ಕಾಯ್ದೆಯ ನಂತರ, ಬೋರ್ಡಿನ ಚುಕ್ಕಾಣಿ ಊರಿನ ವಕೀಲರು, ಜಮೀನುದಾರರ ಕೈಗೆ ಬಂತು. ನಿಜಾಮನ ಸೀಮೆಯಲ್ಲಿ ಅಷ್ಟು ಸಡಿಲವೂ ಇರಲಿಲ್ಲ. ಅಲ್ಲಿ ಜಿಲ್ಲೆಯ ಮುಖ್ಯಸ್ಥನಿಗೆ ಅವ್ವಲ್ ತಾಲೂಕ್‌ದಾರ್ ಎಂದು ಹೆಸರು, ಅವನ ಮಾತೇ ಕೊನೆಯ ಮಾತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೇ ಆ ಸೀಮೆಯ ಹಳ್ಳಿಗಳಿಗೆ ಮತದ ರುಚಿ ಸಿಕ್ಕಿದ್ದು.

ರಾಜ್ಯ ಪುನರ್ವಿಂಗಡಣೆಯ ದಿನ ಈ ನಂಟು ಕಡಿಯಿತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದವು. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಿಂದ ಬಂದವು. ಔರಂಗಾಬಾದ್ ಮತ್ತು ಮರಾಠವಾಡದ ಉಳಿದ ಜಿಲ್ಲೆಗಳು ಮುಂಬೈಗೆ ಹೋದವು. ಅಲ್ಲಿಂದ ಮುಂದೆ ಜಿಲ್ಲೆಗೆ ಒಡೆಯ ಯಾರು ಎಂಬ ಪ್ರಶ್ನೆಗೆ ಎರಡು ರಾಜ್ಯಗಳು ಎರಡು ಉತ್ತರ ಕೊಟ್ಟವು.

ಕುರ್ಚಿ ಹುಟ್ಟಿದ್ದು

1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಮೂರು ಹಂತದ ಪಂಚಾಯತಿ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಅದರ ಪ್ರಕಾರ ನಿಜವಾದ ಶಕ್ತಿ ಇರಬೇಕಾದದ್ದು ತಾಲೂಕು ಮಟ್ಟದ ಸಮಿತಿಯಲ್ಲಿ. ಜಿಲ್ಲಾ ಪರಿಷತ್ತು ಸಲಹೆ ಕೊಡುವ, ಮೇಲ್ವಿಚಾರಣೆ ಮಾಡುವ ಸಂಸ್ಥೆಯಾಗಿ, ಕಲೆಕ್ಟರನ ಅಧ್ಯಕ್ಷತೆಯಲ್ಲಿ ನಡೆಯಬೇಕು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ನೆಹರೂ ಹೊಸ ವ್ಯವಸ್ಥೆಗೆ ದೀಪ ಹಚ್ಚಿದರು. ಮೈಸೂರು ರಾಜ್ಯದ 1959ರ ಕಾಯ್ದೆಯೂ ಇದೇ ಜಾಡು ಹಿಡಿಯಿತು. ತಾಲೂಕು ಬೋರ್ಡುಗಳಿಗೆ ಚುನಾವಣೆ ಬಂತು. ಜಿಲ್ಲಾ ಮಟ್ಟದಲ್ಲಿ ಮಾತ್ರ ಅಭಿವೃದ್ಧಿ ಮಂಡಳಿಯೊಂದು, ಅದಕ್ಕೆ ಡೆಪ್ಯುಟಿ ಕಮಿಷನರ್ ಅಧ್ಯಕ್ಷ. ಹೀಗೆ ಧಾರವಾಡ, ಬೆಳಗಾವಿಗಳು ಮುಂಬೈ ಪ್ರಾಂತದಲ್ಲಿ ಕಂಡಿದ್ದ ಚುನಾಯಿತ ಜಿಲ್ಲಾ ಬೋರ್ಡನ್ನು ಕಳೆದುಕೊಂಡವು.

ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. 1960ರ ಮೇ 1ರಂದು ಹುಟ್ಟಿದ ರಾಜ್ಯಕ್ಕೆ ಯಶವಂತರಾವ್ ಚವ್ಹಾಣ ಮುಖ್ಯಮಂತ್ರಿ. ಅವರ ಮುಂದಿದ್ದ ಕಷ್ಟ ದೊಡ್ಡದು. ನಾಸಿಕ್ ಕಡೆ ಹಳೆಯ ಲೋಕಲ್ ಬೋರ್ಡು, ವಿದರ್ಭದಲ್ಲಿ ಜನಪದ ಸಭೆ, ಮರಾಠವಾಡದಲ್ಲಿ ಹೈದರಾಬಾದಿನ ಜಿಲ್ಲಾ ಬೋರ್ಡು. ಮೂರು ಸೀಮೆಗೆ ಮೂರು ಪದ್ಧತಿ. ಎಲ್ಲವನ್ನೂ ಒಂದು ಹೊಲಿಗೆಗೆ ತರಲು ಕಂದಾಯ ಮಂತ್ರಿ ವಸಂತರಾವ್ ನಾಯಕ್ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. 1961ರಲ್ಲಿ ಬಂದ ಅದರ ವರದಿ ಮೆಹ್ತಾ ಸಮಿತಿಯ ಮಾತನ್ನು ಬುಡದಿಂದಲೇ ತಿರುಗಿಸಿತು. ಹಣ, ನೌಕರರು, ಯೋಜನೆ ಮಾಡುವ ತಾಕತ್ತು ಇರುವುದು ಜಿಲ್ಲೆಗೆ. ಆದ್ದರಿಂದ ಶಕ್ತಿ ಜಿಲ್ಲೆಯಲ್ಲೇ ನೆಲೆಯೂರಬೇಕು ಎಂದಿತು. ಕಲೆಕ್ಟರನನ್ನು ಪರಿಷತ್ತಿನಿಂದ ಹೊರಗಿಟ್ಟಿತು. ಶಾಸಕರಿಗೂ ಸಂಸದರಿಗೂ ಅಲ್ಲಿ ಕುರ್ಚಿ ಹಾಕಲಿಲ್ಲ. ಐಎಎಸ್ ದರ್ಜೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಪರಿಷತ್ತಿನ ತೀರ್ಮಾನಗಳನ್ನು ಜಾರಿ ಮಾಡಬೇಕು, ತೀರ್ಮಾನಿಸುವವರು ಚುನಾಯಿತರು.

1961ರ ಮಹಾರಾಷ್ಟ್ರ ಜಿಲ್ಲಾ ಪರಿಷತ್ತು ಮತ್ತು ಪಂಚಾಯತ್ ಸಮಿತಿ ಕಾಯ್ದೆಯ ಆಧಾರದಲ್ಲಿ 1962ರ ಮೇ 1ರಂದು ಪರಿಷತ್ತುಗಳು ಕೆಲಸ ಶುರುಮಾಡಿದವು. ಪ್ರಾಥಮಿಕ ಶಾಲೆಯ ಮಾಸ್ತರರು, ಆರೋಗ್ಯ ಕೇಂದ್ರ, ಗ್ರಾಮೀಣ ರಸ್ತೆ, ಸಣ್ಣ ನೀರಾವರಿ, ಪಶುವೈದ್ಯ, ಕುಡಿಯುವ ನೀರು ಎಲ್ಲವೂ ಅವುಗಳ ತೆಕ್ಕೆಗೆ ಬಂದವು. ಸ್ಥಾಯಿ ಸಮಿತಿಗೆ ಅಧ್ಯಕ್ಷರೇ ಮುಖ್ಯಸ್ಥರು. ಒಬ್ಬ ಹಳ್ಳಿಯ ರೈತ ಇಡೀ ಜಿಲ್ಲೆಯ ಶಾಲೆ, ರಸ್ತೆಗಳ ಯಜಮಾನಿಕೆ ಹೊರಬಹುದಾದ ಜಾಗ ಅದು. ಮರಾಠಿಗರು ಅದಕ್ಕೆ ‘ಮಿನಿ ಮಂತ್ರಾಲಯ’ ಎಂದು ಹೆಸರಿಟ್ಟರು. ಮುಂಬೈಯ ಸಚಿವಾಲಯದ ಸಣ್ಣ ರೂಪ ಎಂಬ ಅರ್ಥದಲ್ಲಿ. ಹೆಸರು ಇವತ್ತಿಗೂ ಉಳಿದಿದೆ.

1962ರ ಕೊನೆಯಲ್ಲಿ ಚೀನಾ ಯುದ್ಧದ ಹೊತ್ತಿಗೆ ಚವ್ಹಾಣ ರಕ್ಷಣಾ ಮಂತ್ರಿಯಾಗಿ ದಿಲ್ಲಿಗೆ ಹೋದರು. 1963ರಲ್ಲಿ ಲೋಕಸಭೆಗೆ ಅವರನ್ನು ಅವಿರೋಧವಾಗಿ ಕಳಿಸಿದ ಕ್ಷೇತ್ರ ನಾಸಿಕ್. ಅದೇ ವರ್ಷದ ಕೊನೆಯಲ್ಲಿ ವಸಂತರಾವ್ ನಾಯಕ್ ಮುಖ್ಯಮಂತ್ರಿಯಾದರು. ಕುರ್ಚಿಯನ್ನು ಕಡೆದವರಿಗೇ ಅದನ್ನು ಕಾಯುವ ಅಧಿಕಾರವೂ ಸಿಕ್ಕಿತು.

ಯಾರ ಕುರ್ಚಿ?

ಈ ಪ್ರಯೋಗ ಹಳ್ಳಿಯ ಯಾರಿಗೆ ಬಲ ಕೊಟ್ಟಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜಮೀನುಳ್ಳ ಮರಾಠಾ ಮನೆತನಗಳೇ ಹೊಸ ಸಂಸ್ಥೆಗಳಲ್ಲಿ ಎದ್ದು ಕಂಡವು ಎಂಬುದು ವಿ.ಎಂ. ಸಿರ್ಸೀಕರ್ ಅವರ ಅಧ್ಯಯನ ತೋರಿಸಿದ ಚಿತ್ರ. ಪರಿಷತ್ತಿನೊಳಗಿನ ಗುಂಪುಗಾರಿಕೆಯನ್ನು ಬರೀ ವೈಯಕ್ತಿಕ ಹಗೆ ಎಂದು ಬಗೆಯಬಾರದು, ಅದರ ಬೇರು ಆರ್ಥಿಕ ಹಿತಾಸಕ್ತಿಯಲ್ಲಿದೆ ಎಂದು ಮೇರಿ ಕ್ಯಾರಸ್ 1972ರಲ್ಲಿ ವಾದಿಸಿದರು. ಹೊಸಬರನ್ನು ಒಳಗೆ ಕರೆದುಕೊಳ್ಳುತ್ತಲೇ ಹಳೆಯ ಮೇಲ್ವರ್ಗ ಹಿಗ್ಗುತ್ತದೆ ಎಂದು ಡೊನಾಲ್ಡ್ ರೋಸೆಂಥಾಲ್ ಕಂಡರು. ಒಳಗೆ ಎಷ್ಟೇ ಪೈಪೋಟಿ ಇದ್ದರೂ ಆಳುವ ವರ್ಗ ಒಂದೇ ಎಂದು ಜಯಂತ್ ಲೇಲೆ 1980ರ ದಶಕದ ಆರಂಭದಲ್ಲಿ ಬರೆದರು. ಈ ಮಾತುಗಳಲ್ಲಿ ತಿರುಳಿದೆ. ಆದರೆ ಸಾಂಗ್ಲಿ ಜಿಲ್ಲಾ ಪರಿಷತ್ತಿನ ಸದಸ್ಯರಾಗಿ 1979ರಲ್ಲಿ ಕಾಲಿಟ್ಟ ಬಡಕುಟುಂಬದ ಆರ್.ಆರ್. ಪಾಟೀಲ್ ಮುಂದೆ ಉಪಮುಖ್ಯಮಂತ್ರಿಯಾದದ್ದೂ ಇದೇ ಏಣಿಯನ್ನು ಹತ್ತಿ.

ಕುರ್ಚಿಯ ತೂಕ ಇಳಿಯತೊಡಗಿದ್ದು 1970ರ ದಶಕದಲ್ಲಿ. 1972ರ ಬರ ಮರಾಠವಾಡವನ್ನು ಹಿಂಡಿತು. ಬರದ ನಡುವೆ ಬೆಳೆದ ಉದ್ಯೋಗ ಖಾತ್ರಿ ಯೋಜನೆ ಮುಂದೆ ಇಡೀ ದೇಶಕ್ಕೆ ಮಾದರಿಯಾಯಿತು. ಆದರೆ ಅದರ ಹಗ್ಗ ಕಲೆಕ್ಟರನ ಕೈಯಲ್ಲಿತ್ತು, ಪರಿಷತ್ತು ಕೆಲಸ ಮಾಡಿಸುವ ಹಲವು ಏಜೆನ್ಸಿಗಳಲ್ಲಿ ಒಂದಾಯಿತು. ಅದೇ ದಶಕದಲ್ಲಿ ಜಿಲ್ಲಾ ಯೋಜನೆಗೆ ಪ್ರತ್ಯೇಕ ಮಂಡಳಿ ಬಂತು, ಅದಕ್ಕೆ ಮಂತ್ರಿಯೇ ಅಧ್ಯಕ್ಷ. ಮಹಾರಾಷ್ಟ್ರದಲ್ಲಿ ಅವನಿಗೆ ಪಾಲಕಮಂತ್ರಿ ಎಂದು ಹೆಸರು, ನಮ್ಮಲ್ಲಿ ಜಿಲ್ಲಾ ಉಸ್ತುವಾರಿ ಸಚಿವ. 1962ರಲ್ಲಿ ಬಾಗಿಲ ಹೊರಗೆ ನಿಂತ ಶಾಸಕ, ಮಂತ್ರಿ, ಕಲೆಕ್ಟರ್ ಮೂವರೂ ಹಿತ್ತಲ ಬಾಗಿಲಿನಿಂದ ಜಿಲ್ಲೆಯ ಹಣಕಾಸಿನ ಮನೆಗೆ ಮರಳಿದರು. 1979ರ ಚುನಾವಣೆಯ ಬಳಿಕ ಮುಂದಿನ ಚುನಾವಣೆ ನಡೆದದ್ದು 1992ರಲ್ಲಿ. ಹದಿಮೂರು ವರ್ಷ ಜಿಲ್ಲೆಗಳು ಹೊಸ ತೀರ್ಪು ಕೊಡಲಾಗದೆ ಕಾದವು.

ಈ ಇಳಿಜಾರಿನ ಹೊತ್ತಿನಲ್ಲೇ ಕರ್ನಾಟಕ ಏರುಹಾದಿಯಲ್ಲಿತ್ತು. 1978ರಲ್ಲಿ ಅಶೋಕ ಮೆಹ್ತಾ ಸಮಿತಿ ಜಿಲ್ಲೆಯೇ ವಿಕೇಂದ್ರೀಕರಣದ ಮುಖ್ಯ ಘಟಕವಾಗಲಿ ಎಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ರೂಪಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್, ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡವರು, ಅದನ್ನು ಎದೆಗವಚಿಕೊಂಡು ಜಾರಿಗೆ ತಂದರು. 1987ರ ಜನವರಿಯ ಚುನಾವಣೆಯ ನಂತರ 19 ಜಿಲ್ಲೆಗಳಲ್ಲಿ ಪರಿಷತ್ತುಗಳು ಬಂದವು. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲು. ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡೆಪ್ಯುಟಿ ಕಮಿಷನರ್‌ಗಿಂತ ಹಿರಿಯ ಅಧಿಕಾರಿ. 1959ರಲ್ಲಿ ಡಿ.ಸಿ.ಗೆ ಒಪ್ಪಿಸಿದ್ದ ಕುರ್ಚಿಯನ್ನು 28 ವರ್ಷಗಳ ಮೇಲೆ ಕನ್ನಡ ಜಿಲ್ಲೆಗಳು ಹಿಂಪಡೆದವು. 1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರ ಹೊತ್ತಿಗೆ ಆ ಪರಿಷತ್ತುಗಳ ಜಾಗದಲ್ಲಿ ಆಡಳಿತಾಧಿಕಾರಿಗಳು ಕೂತರು.

ಮೀಸಲಾತಿಯ ಬೆಳಕು

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಕಡ್ಡಾಯ ಮಾಡಿತು. ಮಹಿಳೆಯರಿಗೆ, ಪರಿಶಿಷ್ಟರಿಗೆ ಸದಸ್ಯ ಸ್ಥಾನಗಳಲ್ಲಷ್ಟೇ ಅಲ್ಲದೆ ಅಧ್ಯಕ್ಷ ಹುದ್ದೆಯಲ್ಲೂ ಸರದಿಯ ಮೀಸಲಾತಿ ಬಂತು. 2011ರಲ್ಲಿ ಮಹಾರಾಷ್ಟ್ರ ಮಹಿಳೆಯರ ಪಾಲನ್ನು ಶೇ. 50ಕ್ಕೆ ಏರಿಸಿತು. ಅಧ್ಯಕ್ಷರ ಅವಧಿ ಎರಡೂವರೆ ವರ್ಷ.

ಇದರ ಫಲ ಕಣ್ಣಿಗೆ ಕಾಣುವಂಥದ್ದು. 2017ರ ಚುನಾವಣೆಯ ನಂತರದ ಐದು ವರ್ಷಗಳಲ್ಲಿ ನಾಸಿಕ್, ಔರಂಗಾಬಾದ್ ಎರಡೂ ಸೇರಿ ನಾಲ್ವರು ಅಧ್ಯಕ್ಷರಾದರು. ಅವರಲ್ಲಿ ಮೂವರು ಮಹಿಳೆಯರು: ಶೀತಲ್ ಸಾಂಗಳೆ, ದೇವಯಾನಿ ಡೋಣಗಾಂವಕರ್, ಮೀನಾ ಶೆಳಕೆ. ಕಲೆಕ್ಟರನ ಬೋರ್ಡಿನಿಂದ ಇಲ್ಲಿಯವರೆಗಿನ ದಾರಿ ಎಷ್ಟು ಉದ್ದ ಎಂಬುದನ್ನು ಈ ಮೂರು ಹೆಸರುಗಳೇ ಹೇಳುತ್ತವೆ.

ಮೈತ್ರಿಯ ಗಾಳಿ

2017ರ ಫೆಬ್ರವರಿಯ ಚುನಾವಣೆಗೆ ಶಿವಸೇನೆ, ಬಿಜೆಪಿ ರಾಜ್ಯ ಸರ್ಕಾರದಲ್ಲಿ ಜೊತೆಗಿದ್ದೂ ಬೇರೆ ಬೇರೆಯಾಗಿ ಇಳಿದಿದ್ದವು. ನಾಸಿಕ್‌ನ 73 ಸ್ಥಾನಗಳಲ್ಲಿ ಶಿವಸೇನೆಗೆ 25, ರಾಷ್ಟ್ರವಾದಿ ಕಾಂಗ್ರೆಸ್ಸಿಗೆ 18, ಬಿಜೆಪಿಗೆ 15, ಕಾಂಗ್ರೆಸ್ಸಿಗೆ 8. ಲಾಸಲಗಾಂವ್‌ನ ಈರುಳ್ಳಿ ಪೇಟೆಯಿಂದ ಸುರಗಾಣಾದ ಆದಿವಾಸಿ ಬೆಟ್ಟಗಳವರೆಗೆ ಹರಡಿದ ಆ ಜಿಲ್ಲೆಯಲ್ಲಿ ಯಾರಿಗೂ ಬಹುಮತವಿಲ್ಲ. ಶಿವಸೇನೆಯ ಶೀತಲ್ ಸಾಂಗಳೆ ಅಧ್ಯಕ್ಷೆ, ಕಾಂಗ್ರೆಸ್ಸಿನ ನಯನಾ ಗಾವಿತ್ ಉಪಾಧ್ಯಕ್ಷೆಯಾದರು. ಔರಂಗಾಬಾದ್‌ನಲ್ಲಿ ಬಿಜೆಪಿ ಅತಿ ದೊಡ್ಡ ಪಕ್ಷವಾದರೂ ಶಿವಸೇನೆ, ಕಾಂಗ್ರೆಸ್ ಕೈಜೋಡಿಸಿ ಡೋಣಗಾಂವಕರ್ ಅವರನ್ನು ಕೂರಿಸಿದವು. ಮೊದಲ ಎರಡೂವರೆ ವರ್ಷ ಸೇನೆಗೆ, ಆಮೇಲಿನದು ಕಾಂಗ್ರೆಸ್ಸಿಗೆ ಎಂಬುದು ಒಪ್ಪಂದ. ಎರಡೂ ಪಕ್ಷಗಳು ಮುಂಬೈಯಲ್ಲಿ ಇನ್ನೂ ಎದುರಾಳಿಗಳಾಗಿದ್ದ ಕಾಲದಲ್ಲಿ ಈ ಜಿಲ್ಲೆಗಳು ಅವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದವು.

2019ರ ಕೊನೆಗೆ ರಾಜ್ಯವೇ ಆ ಪಂಕ್ತಿಗೆ ಬಂತು. ವಿಧಾನಸಭಾ ಚುನಾವಣೆಯ ನಂತರ ಸೇನೆ, ಬಿಜೆಪಿ ಮುರಿದುಕೊಂಡವು. ನವೆಂಬರ್ 28ರಂದು ಉದ್ಧವ್ ಠಾಕ್ರೆ ಶಿವಾಜಿ ಪಾರ್ಕಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಶಿವಸೇನೆ, ರಾಷ್ಟ್ರವಾದಿ ಕಾಂಗ್ರೆಸ್, ಕಾಂಗ್ರೆಸ್ ಸೇರಿದ ಮಹಾವಿಕಾಸ್ ಆಘಾಡಿ ಅಧಿಕಾರಕ್ಕೆ ಬಂತು. ಒಂದು ತಿಂಗಳ ನಂತರ ಜಿಲ್ಲಾ ಪರಿಷತ್ತುಗಳ ಎರಡನೇ ಅವಧಿಯ ಆಯ್ಕೆ.

ನಾಸಿಕ್‌ನಲ್ಲಿ ಲೆಕ್ಕ ಸುಲಭವಾಯಿತು. ಮೂರು ಪಕ್ಷಗಳು ಒಂದಾದರೆ 73ರಲ್ಲಿ 51. ಎದುರು ನಿಲ್ಲುವುದಕ್ಕೆ ಅರ್ಥವೇ ಉಳಿಯಲಿಲ್ಲ, ಕ್ಷೀರಸಾಗರ್ ಅವಿರೋಧ ಆಯ್ಕೆಯಾದರು. ಔರಂಗಾಬಾದ್‌ನಲ್ಲಿ ಅದೇ ಮೈತ್ರಿ ಬಿರುಕುಬಿಟ್ಟಿತು. ಒಪ್ಪಂದದಂತೆ ಕುರ್ಚಿ ಕಾಂಗ್ರೆಸ್ಸಿನ ಶೆಳಕೆ ಅವರಿಗೆ ಹೋಗಬೇಕಿತ್ತು. ಡೋಣಗಾಂವಕರ್ ಪಕ್ಷದ ಮಾತು ಮೀರಿ ಕಣಕ್ಕಿಳಿದರು, ಬಿಜೆಪಿ ಬೆಂಬಲಕ್ಕೆ ನಿಂತಿತು. ಸಿಲ್ಲೋಡ್‌ನ ಶಾಸಕ ಅಬ್ದುಲ್ ಸತ್ತಾರ್ 2019ರಲ್ಲಷ್ಟೇ ಕಾಂಗ್ರೆಸ್ ತೊರೆದು ಶಿವಸೇನೆ ಸೇರಿ, ಡಿಸೆಂಬರ್ 30ರಂದು ರಾಜ್ಯ ಮಂತ್ರಿಯಾಗಿದ್ದರು. ಪರಿಷತ್ತಿನಲ್ಲಿದ್ದ ಅವರ ಬೆಂಬಲಿಗರ ಮತ ಆಘಾಡಿಯ ಅಭ್ಯರ್ಥಿಯ ವಿರುದ್ಧ ಬಿತ್ತೆಂದು ಸೇನೆಯ ಹಿರಿಯ ನಾಯಕ ಚಂದ್ರಕಾಂತ ಖೈರೆ ಬಹಿರಂಗವಾಗಿ ಕಿಡಿಕಾರಿದರು. ಸತ್ತಾರ್ ರಾಜೀನಾಮೆ ಕೊಟ್ಟರೆಂಬ ಸುದ್ದಿ ಚೀಟಿ ಎತ್ತಿದ ದಿನವೇ ಹಬ್ಬಿತು, ಪಕ್ಷ ಅಲ್ಲಗಳೆಯಿತು. ಕೊನೆಗೆ ಅವರು ಮಂತ್ರಿಯಾಗಿಯೇ ಮುಂದುವರಿದರು.

ಅಂದು ಚೀಟಿ ಆಘಾಡಿಯ ಪರವಾಗಿ ಬಂದರೂ ಸದನ ಬಂದಿರಲಿಲ್ಲ. ಅದೇ ದಿನ ಉಪಾಧ್ಯಕ್ಷ ಸ್ಥಾನ ಬಿಜೆಪಿಯ ಎಲ್.ಜಿ. ಗಾಯಕವಾಡ ಅವರ ಪಾಲಾಯಿತು. ಮುಂಬೈಯಲ್ಲಿ ಮೂರು ಪಕ್ಷಗಳ ನಾಯಕರು ಹಾಕಿದ ಗಂಟು ಜಿಲ್ಲೆಯಲ್ಲಿ ಎಷ್ಟು ಸಡಿಲವಾಗಿದೆ ಎಂಬುದು ಸರ್ಕಾರದ ಎರಡನೇ ತಿಂಗಳಲ್ಲೇ ಬಯಲಾಯಿತು. 2022ರ ಜೂನ್‌ನಲ್ಲಿ ಶಿವಸೇನೆ ಇಬ್ಭಾಗವಾದಾಗ ಏಕನಾಥ ಶಿಂಧೆ ಅವರ ಜೊತೆ ಹೋದ ಶಾಸಕರಲ್ಲಿ ಸತ್ತಾರ್ ಕೂಡ ಒಬ್ಬರು.

ಖಾಲಿ ಕುರ್ಚಿ

ಹೊಸ ಅಧ್ಯಕ್ಷರು ಕೂತ ಮೂರೇ ತಿಂಗಳಿಗೆ ಕೊರೊನಾ ಬಂತು. ಪರಿಷತ್ತಿನ ಆರೋಗ್ಯ ಕೇಂದ್ರಗಳೇ ಹಳ್ಳಿಗಳ ಮೊದಲ ಆಸರೆಯಾದವು, ಪರಿಷತ್ತಿನ ಶಾಲೆಗಳು ಮುಚ್ಚಿದವು. ಆ ಹೊತ್ತಿನಲ್ಲೇ ಮೀಸಲಾತಿಯ ಪ್ರಕರಣವೊಂದು ಸುಪ್ರೀಂ ಕೋರ್ಟಿನಲ್ಲಿತ್ತು. ಒಟ್ಟು ಮೀಸಲಾತಿ ಶೇ. 50 ದಾಟುವಂತಿಲ್ಲ, ಹಿಂದುಳಿದ ವರ್ಗಗಳಿಗೆ ರಾಜಕೀಯ ಮೀಸಲಾತಿ ಕೊಡಲು ಮೊದಲು ಅಂಕಿಅಂಶ ಬೇಕು ಎಂದು 2021ರ ಮಾರ್ಚ್ 4ರಂದು ವಿಕಾಸ್ ಗವಳಿ ಪ್ರಕರಣದಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಒಬಿಸಿ ಪಾಲು ಇತ್ಯರ್ಥವಾಗದೆ ಚುನಾವಣೆ ಬೇಡ ಎಂಬ ನಿಲುವು ಪಕ್ಷಗಳಲ್ಲಿ ಬೇರೂರಿತು. 2022ರ ಮಾರ್ಚ್‌ನಲ್ಲಿ ನಾಸಿಕ್, ಔರಂಗಾಬಾದ್ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಸದಸ್ಯರಿರಲಿಲ್ಲ. ಆಡಳಿತ ಪ್ರಶಾಸಕನ ಕೈಗೆ, ಎಂದರೆ ಅಧಿಕಾರಿಯ ಕೈಗೆ ಹೋಯಿತು. ಒಬಿಸಿ ಅಂಕಿಅಂಶ ಕಲೆಹಾಕಿದ ಬಾಂಠಿಯಾ ಆಯೋಗದ 2022ರ ವರದಿಯೂ ಗಂಟು ಬಿಡಿಸಲಿಲ್ಲ. ಮೂರು ವರ್ಷ ಕಳೆದ ಮೇಲೆ, 2025ರ ಮೇ 6ರಂದು, ನಾಲ್ಕು ತಿಂಗಳೊಳಗೆ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಈ ನಡುವೆ ಔರಂಗಾಬಾದ್‌ನ ಹೆಸರು ಬದಲಾಗಿ ಛತ್ರಪತಿ ಸಂಭಾಜಿನಗರವಾಯಿತು. ಹೊಸ ಹೆಸರು ಬಂದ ಹೊತ್ತಿನಲ್ಲಿ ಆ ಜಿಲ್ಲೆಗೆ ಚುನಾಯಿತ ಅಧ್ಯಕ್ಷರೇ ಇರಲಿಲ್ಲ.

ಗಡಿಯ ಈಚೆಗೂ ಇದೇ ಕಥೆ. ಕರ್ನಾಟಕದಲ್ಲಿ 2016ರಲ್ಲಿ ಚುನಾಯಿತವಾದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರುಗಳಲ್ಲಿ ಚುನಾವಣೆ ವರ್ಷ ವರ್ಷ ಮುಂದಕ್ಕೆ ಹೋಯಿತು, ಆಡಳಿತಾಧಿಕಾರಿಗಳು ಕೂತರು. 1956ರಲ್ಲಿ ಬೇರ್ಪಟ್ಟ ಧಾರವಾಡ ಮತ್ತು ನಾಸಿಕ್, ಕಲಬುರಗಿ ಮತ್ತು ಔರಂಗಾಬಾದ್ ಮತ್ತೆ ಒಂದೇ ನೊಗಕ್ಕೆ ಬಂದವು.

2020ರ ಆ ವಾರವನ್ನು ಪ್ರಜಾಪ್ರಭುತ್ವದ ಸೋಲು ಎಂದು ಬರೆದುಬಿಡುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಚೀಟಿಗೆ ಮೊದಲು 60 ಜನ ಎಲ್ಲರ ಕಣ್ಣೆದುರಿಗೆ ಕೈ ಎತ್ತಿದ್ದರು. ಯಾರ ಕೈ ಯಾರ ಪರವಾಗಿ ಎದ್ದಿತು ಎಂದು ಸಿಲ್ಲೋಡ್, ಪೈಠಣ, ಕನ್ನಡ್ ತಾಲೂಕುಗಳ ಮತದಾರರಿಗೆ ಆ ಸಂಜೆಯೇ ಗೊತ್ತಿತ್ತು. ಮುಂದಿನ ಚುನಾವಣೆಯಲ್ಲಿ ಅವರನ್ನು ಕೇಳುವ ಹಕ್ಕೂ ಇತ್ತು. ಚುನಾವಣೆಯೇ ಬಾರದಾಗ ಆ ಹಕ್ಕು ಹೋಯಿತು. ಶಾಲೆಯ ಮಾಡು ಸೋರಿದರೆ, ಆರೋಗ್ಯ ಕೇಂದ್ರಕ್ಕೆ ಡಾಕ್ಟರ್ ಬಾರದಿದ್ದರೆ, ಊರಿನವರು ಮತ್ತೆ ಅರ್ಜಿ ಹಿಡಿದು ಅಧಿಕಾರಿಯ ಬಾಗಿಲಿಗೇ ಹೋಗಬೇಕಾಯಿತು. 1884ರ ಕಾಯ್ದೆ ಬಂದಾಗ ನಾಸಿಕ್‌ನ ರೈತನೂ ಧಾರವಾಡದ ರೈತನೂ ನಿಂತಿದ್ದದ್ದು ಅಂಥದೇ ಬಾಗಿಲಲ್ಲಿ.